ಏಜಾಕ್ಸ್ ಸತ್ತ ಮೇಲಿನ 555 ಸಾಲು

ಪ್ರಾಚೀನ ಗ್ರೀಕ್ ಕವಿ ಸೊಫೋಕ್ಲಿಸ್‌ನ 'ಏಜಾಕ್ಸ್' ನಾಟಕದ ಮೇಲೆ ಒಂದು ಹಳೆಯ ದೂರಿದೆ. ನಾಯಕ 865ನೇ ಸಾಲಿಗೆ ಸತ್ತುಹೋಗುತ್ತಾನೆ, ನಾಟಕ ಮಾತ್ರ 1420ನೇ ಸಾಲಿನವರೆಗೆ ಹೋಗುತ್ತದೆ. ಉಳಿದ 555 ಸಾಲಿನಲ್ಲಿ ನಡೆಯುವುದು ಬರೀ ಜಗಳ. ಹೆಣ ಹೂಳಬೇಕೋ, ನಾಯಿ ನರಿಗೆ ಬಿಡಬೇಕೋ ಎಂದು. ಪ್ರಾಚೀನ ಗ್ರೀಕ್ ಟಿಪ್ಪಣಿಕಾರನೊಬ್ಬ 1123ನೇ ಸಾಲಿಗೆ ಟಿಪ್ಪಣಿ ಬರೆಯುತ್ತಾ, ಸಾವಾದ ಮೇಲೂ ನಾಟಕವನ್ನು ಬೆಳೆಸಲು ಹೋಗಿ ಕವಿ ರಸ ಕೆಡಿಸಿದ ಎಂದೇ ಹೇಳಿಬಿಟ್ಟಿದ್ದಾನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರಿಗೆ ಈ ದೂರು ತಲೆಗೆ ಹತ್ತುವುದೇ ಕಷ್ಟ. 'ವಾಲಿವಧೆ'ಯಲ್ಲಿ ಬಾಣ ನಾಟುವುದು ಎಷ್ಟು ಹೊತ್ತಿನ ಕೆಲಸ? ಜನ ಕಾದು ಕೂರುವುದು ಬಾಣ ನಾಟಿದ ಮೇಲಿನ ಮಾತಿಗೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳಬೇಕು, ರಾಮ ಉತ್ತರ ಕೊಡಬೇಕು. ಪ್ರಸಂಗದ ತೂಕ ಇರುವುದೇ ಅಲ್ಲಿ. 'ಏಜಾಕ್ಸ್' ಅದೇ ಜಾತಿಯದು, ಆದರೆ ಒಂದು ಹೆಜ್ಜೆ ಮುಂದೆ. ವಾಲಿ ಸಾಯುವ ಮೊದಲು ತನ್ನ ವಾದ ತಾನೇ ಮಾಡುತ್ತಾನೆ. ಏಜಾಕ್ಸ್‌ಗೆ ಆ ಅವಕಾಶವೂ ಇಲ್ಲ. ಅವನ ಪರವಾಗಿ ಯಾರು ಮಾತಾಡಬೇಕು, ಏನೆಂದು ಮಾತಾಡಬೇಕು, ಮಾತಾಡಿದರೂ ಗೆಲ್ಲುತ್ತಾರೆಯೇ ಎನ್ನುವುದೇ ಆ 555 ಸಾಲು. ನನ್ನ ಮಟ್ಟಿಗೆ ನಾಟಕದ ಜೀವ ಅಲ್ಲಿದೆ. ಮೊದಲಿನ 865 ಸಾಲು ಅದಕ್ಕೆ ಪೀಠಿಕೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಟ್ರಾಯ್ ಯುದ್ಧ ಮುಗಿದಿಲ್ಲ, ಗ್ರೀಕರ ಮೊದಲ ವೀರ ಅಕಿಲಿಸ್ ಸತ್ತಿದ್ದಾನೆ. ಅವನ ಆಯುಧ, ಕವಚಗಳು ಯಾರಿಗೆ ಎಂಬ ತೀರ್ಪಿನಲ್ಲಿ ಒಡಿಸ್ಯೂಸ್ ಗೆಲ್ಲುತ್ತಾನೆ. ಅಕಿಲಿಸ್ ಬಿಟ್ಟರೆ ತಾನೇ ಎಂದಿದ್ದ ಸಲಮಿಸ್ ದ್ವೀಪದ ಏಜಾಕ್ಸ್, ಎತ್ತಿನ ಚರ್ಮದ ಏಳು ಪದರಿನ ಗುರಾಣಿ ಹೊರುವ ಆಳು, ರಾತ್ರಿ ಕತ್ತಿ ಹಿರಿದು ಗ್ರೀಕ್ ಮುಖಂಡರನ್ನೆಲ್ಲ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನ ಕಣ್ಣಿಗೆ ಭ್ರಮೆ ಕವಿಸುತ್ತಾಳೆ. ಲೂಟಿಯಲ್ಲಿ ಬಂದ ದನ, ಕುರಿಗಳೇ ಶತ್ರುಗಳಾಗಿ ಕಂಡು ಅವನ್ನೂ ಕಾಯುವವರನ್ನೂ ಕಡಿದು ಹಾಕುತ್ತಾನೆ. ಉಳಿದವನ್ನು ಬಿಡಾರಕ್ಕೆ ಎಳೆದು ತಂದು, ಒಂದು ಟಗರನ್ನು ಕಂಬಕ್ಕೆ ಕಟ್ಟಿ, ಕುದುರೆಯ ಬಾರನ್ನು ಎರಡು ಮಡಿಕೆ ಮಾಡಿಕೊಂಡು ಬಾರಿಸುತ್ತಾನೆ. ಬೆಳಗಾಗುವಾಗ ಬುದ್ಧಿ ತಿಳಿಯಾಗುತ್ತದೆ. ಸುತ್ತ ಸತ್ತ ದನಗಳ ನಡುವೆ ಕೂತಿರುತ್ತಾನೆ.

ಬಿ.ಎಂ.ಶ್ರೀ. 1929ರಲ್ಲಿ ಇದೇ ನಾಟಕವನ್ನು 'ಅಶ್ವತ್ಥಾಮನ್' ಎಂದು ಕನ್ನಡಕ್ಕೆ ಒಗ್ಗಿಸಿದರು. ಚಿರಂಜೀವಿ ಎಂದು ನಾವು ನಂಬಿದವನನ್ನು ರಂಗದ ಮೇಲೆ ಸಾಯಿಸುವ ಧೈರ್ಯ ಸಣ್ಣದಲ್ಲ. ಆದರೆ ಮೂಲ ಓದುವಾಗ ಅಶ್ವತ್ಥಾಮನನ್ನು ಸ್ವಲ್ಪ ದೂರ ಇಡುವುದು ಒಳ್ಳೆಯದು. ಸೌಪ್ತಿಕ ಪರ್ವದ ಅಶ್ವತ್ಥಾಮ ಮಲಗಿದ್ದ ಮನುಷ್ಯರನ್ನು ಕೊಂದವನು, ದ್ರೌಪದಿಯ ಐವರು ಮಕ್ಕಳನ್ನು ಮುಗಿಸಿದವನು. ಅವನ ಹೆಗಲ ಮೇಲಿರುವುದು ಪಾಪ. ಏಜಾಕ್ಸ್‌ನದು ಬೇರೆ ಸಂಕಟ. ಮುಖಂಡರನ್ನು ಕೊಲ್ಲಲು ಹೊರಟದ್ದಕ್ಕೆ ಅವನಿಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ದನ ಕಡಿದು ಕೂತೆನಲ್ಲ, ಅವರೆಲ್ಲ ನಗುತ್ತಾರಲ್ಲ ಎನ್ನುವುದೊಂದೇ ಅವನನ್ನು ತಿನ್ನುವುದು. ಬುದ್ಧಿ ತಿಳಿಯಾದ ಮೇಲೆ ಅವನು ಆಡುವ ಮಾತಿನಲ್ಲಿ ಮತ್ತೆ ಮತ್ತೆ ಬರುವುದು ಶತ್ರುಗಳ ನಗು. ನಾಟಕದ ಶುರುವಿನಲ್ಲೇ, 79ನೇ ಸಾಲಿನಲ್ಲಿ, ವೈರಿಯನ್ನು ಕಂಡು ನಗುವುದಕ್ಕಿಂತ ಸಿಹಿಯಾದ ನಗು ಉಂಟೇ ಎಂದು ಅಥೀನಾ ಒಡಿಸ್ಯೂಸ್‌ನನ್ನು ಕೇಳಿರುತ್ತಾಳೆ. ಒಡಿಸ್ಯೂಸ್ ನಗುವುದಿಲ್ಲ. ವೈರಿಯಾದರೂ ಅವನಿಗಾಗಿ ಮರುಗುತ್ತೇನೆ, ಅವನ ಪಾಡಿನಲ್ಲಿ ನನ್ನ ಪಾಡೂ ಕಾಣುತ್ತಿದೆ, ಬದುಕಿರುವ ನಾವೆಲ್ಲ ನೆರಳಿಗಿಂತ ಹೆಚ್ಚೇನಲ್ಲ ಎನ್ನುತ್ತಾನೆ. ಈ ಆರು ಸಾಲು, 121ರಿಂದ 126, ಕೊನೆಯ ದೃಶ್ಯಕ್ಕೆ ಕೀಲಿ. ಅವಸರದಲ್ಲಿ ಓದಿದರೆ ಕೈತಪ್ಪುತ್ತದೆ, ಕೊನೆಯಲ್ಲಿ ಒಡಿಸ್ಯೂಸ್ ಯಾಕೆ ಹಾಗೆ ಮಾಡಿದ ಎಂದು ಕಣ್ಣು ಕಣ್ಣು ಬಿಡಬೇಕಾಗುತ್ತದೆ.

ಇದನ್ನು ಒಬ್ಬರೇ ಮೌನವಾಗಿ ಓದುವುದಕ್ಕಿಂತ ನಾಲ್ಕು ಜನ ಕೂತು ದನಿಯೆತ್ತಿ ಓದುವುದೇ ಸರಿ. ಗ್ರೀಕ್ ರಂಗದಲ್ಲಿ ಮಾತಾಡುವ ನಟರು ಮೂವರೇ, ಹಾಡಿ ಕುಣಿಯುವ ಮೇಳದವರು (ಕೋರಸ್) ಬೇರೆ, ಇಲ್ಲಿ ಅವರು ಏಜಾಕ್ಸ್‌ನ ನಾವಿಕರು. ಪಾತ್ರ ಹಂಚಿಕೆ ಚೆನ್ನಾಗಿ ಕೂರುವುದು ಹೀಗೆ: ಒಬ್ಬರಿಗೆ ಏಜಾಕ್ಸ್ ಮತ್ತು ಅವನ ಮಲತಮ್ಮ ಟ್ಯೂಸರ್. ಇನ್ನೊಬ್ಬರಿಗೆ ಒಡಿಸ್ಯೂಸ್ ಮತ್ತು ಏಜಾಕ್ಸ್‌ನ ಹೆಂಡತಿ ಟೆಕ್ಮೆಸ್ಸ. ಮೂರನೆಯವರಿಗೆ ಅಥೀನಾ, ದೂತ, ಮೆನೆಲಾಸ್, ಅವನ ಅಣ್ಣನೂ ಗ್ರೀಕ್ ದಂಡಿನ ನಾಯಕನೂ ಆದ ಅಗಮೆಮ್ನಾನ್. ನಾಲ್ಕನೆಯವರು ಭಾಗವತರ ಜಾಗದಲ್ಲಿ ಕೂತು ಮೇಳದ ಹಾಡುಗಳನ್ನು ನೋಡಿಕೊಳ್ಳಬೇಕು. ಈ ಹಂಚಿಕೆಯಲ್ಲಿ ಅರ್ಥವಿದೆ. ಸತ್ತವನ ಪರ ವಾದಿಸುವ ದನಿ ಸತ್ತವನದೇ ಆಗುತ್ತದೆ. ಅವನನ್ನು ಉಳಿಸಿಕೊಳ್ಳಲು ಒದ್ದಾಡಿದ ಹೆಂಡತಿಯ ದನಿಯೇ ಕೊನೆಗೆ ವೈರಿಯ ಬಾಯಲ್ಲಿ ಬಂದು ಅವನನ್ನು ಮಣ್ಣು ಮಾಡಿಸುತ್ತದೆ.

ಅಥೀನಾ ಪಾತ್ರದವರು ಉಳಿದವರ ಬೆನ್ನ ಹಿಂದೆ ಕೂತು ಮಾತಾಡಬೇಕು. ಕಣ್ಣಿಗೆ ಕಾಣದಿದ್ದರೂ ದನಿ ಗುರುತಾಯಿತು ಎಂದು ಒಡಿಸ್ಯೂಸ್ ಹೇಳುವುದರಿಂದ ಎದುರಿಗೆ ಕೂತರೆ ಮಾತು ಹೊಂದುವುದಿಲ್ಲ. ಏಜಾಕ್ಸ್‌ಗೆ ಹುಚ್ಚು ಹಿಡಿದಿರುವಾಗ ಅವನ ಮಾತು ಬಹಳ ಕಡಿಮೆ, 91ರಿಂದ 117ರ ಒಳಗೆ ಮುಗಿದುಹೋಗುತ್ತದೆ. ಅಲ್ಲಿ ಅಬ್ಬರ ಬೇಡ. ಆಗ ಅವನು ಬಹಳ ಖುಷಿಯಲ್ಲಿರುತ್ತಾನೆ, ಆ ಖುಷಿಯೇ ಕೇಳುವವರ ಮೈ ನಡುಗಿಸುವುದು. ಶಕ್ತಿಯನ್ನೆಲ್ಲ ಇಲ್ಲೇ ಖರ್ಚು ಮಾಡಿದರೆ ಮುಂದಿನ ಮಾತಿಗೆ ಏನೂ ಉಳಿಯುವುದಿಲ್ಲ.

ಆ ಮುಂದಿನ ಮಾತು 646ರಿಂದ 692. ಸಾಯುವುದೇ ಎಂದು ಹಟ ಹಿಡಿದಿದ್ದವನು ಬಿಡಾರದಿಂದ ಹೊರಗೆ ಬಂದು ಇದ್ದಕ್ಕಿದ್ದಂತೆ ಮೆತ್ತಗಾಗುತ್ತಾನೆ. ಕಾಲ ಎಲ್ಲವನ್ನೂ ಹೊರಗೆ ತರುತ್ತದೆ, ಮತ್ತೆ ಮುಚ್ಚಿಡುತ್ತದೆ. ಹಿಮದ ಚಳಿಗಾಲ ಫಲ ತುಂಬಿದ ಬೇಸಿಗೆಗೆ ದಾರಿ ಬಿಡುತ್ತದೆ, ಇರುಳು ಹಗಲಿಗೆ ಬಿಡುತ್ತದೆ, ನಿದ್ದೆ ಕೂಡ ಹಿಡಿದವನನ್ನು ಬಿಡಿಸುತ್ತದೆ. ಹಾಗಿರುವಾಗ ನಾವು ಬಗ್ಗುವುದನ್ನು ಕಲಿಯದೆ ಇರುವುದು ಹೇಗೆ? ಕಡಲ ದಂಡೆಗೆ ಹೋಗಿ ಮಿಂದು ಶುದ್ಧನಾಗುತ್ತೇನೆ, ಈ ಕೆಟ್ಟ ಕತ್ತಿಯನ್ನು ಯಾರೂ ಕಾಣದ ಕಡೆ ನೆಲದಲ್ಲಿ ಹುದುಗಿಸುತ್ತೇನೆ ಎನ್ನುತ್ತಾನೆ. ಹೆಂಡತಿ ನಂಬುತ್ತಾಳೆ, ನಾವಿಕರು ನಂಬುತ್ತಾರೆ. ಕತ್ತಿ ನೆಲದಲ್ಲಿ ಹುದುಗುವುದು ನಿಜವೇ, ಆದರೆ ಹಿಡಿಕೆ ಕೆಳಗೆ, ಮೊನೆ ಮೇಲೆ. ಅದು ಅವನ ವೈರಿ, ಟ್ರಾಯ್ ಕಡೆಯ ವೀರ ಹೆಕ್ಟರ್ ಕೊಟ್ಟ ಕತ್ತಿ.

ಈ ಮಾತನ್ನು ಓದುವವರು ಮಾಡುವ ದೊಡ್ಡ ತಪ್ಪೆಂದರೆ ದನಿಯಲ್ಲಿ ಗುಟ್ಟು ಬಿಟ್ಟುಕೊಡುವುದು. ನಾನು ಸುಳ್ಳು ಹೇಳುತ್ತಿದ್ದೇನೆ ನೋಡಿ ಎಂಬ ರಾಗ ಒಂದು ಕಡೆ ಇಣುಕಿದರೂ ಎಲ್ಲ ಕೆಟ್ಟಿತು. ಇಲ್ಲಿ ಏಜಾಕ್ಸ್ ಹೇಳುವ ಪ್ರತಿಯೊಂದು ಮಾತೂ ಸತ್ಯ, ಕೇಳಿದವರು ತಮಗೆ ಬೇಕಾದ ಅರ್ಥ ತೆಗೆದುಕೊಳ್ಳುತ್ತಾರೆ ಅಷ್ಟೆ. ಸುಮ್ಮನೆ, ನಿಧಾನವಾಗಿ, ನೆಟ್ಟಗೆ ಓದಿ. ಒಂದು ಕಡೆ ಮಾತ್ರ ತುಸು ತಡೆದು ಹೇಳಬೇಕು. ಇನ್ನು ಮುಂದೆ ದೇವರಿಗೆ ಬಗ್ಗುತ್ತೇನೆ, ಅಗಮೆಮ್ನಾನ್ ಮೆನೆಲಾಸರನ್ನು ಪೂಜಿಸುತ್ತೇನೆ ಎನ್ನುತ್ತಾನಲ್ಲ, ಅಲ್ಲಿ. ಲೋಕದ ರೀತಿಯಲ್ಲಿ ಬಗ್ಗುವುದು ಅರಸರಿಗೆ, ಪೂಜಿಸುವುದು ದೇವರನ್ನು. ಅವನು ಬೇಕೆಂದೇ ಅದಲು ಬದಲು ಮಾಡಿದ್ದಾನೆ. ಒಳಗೆ ಕುದಿಯುತ್ತಿರುವುದು ಹೊರಗೆ ಕಾಣುವ ಸಂದು ಅದೊಂದೇ.

ಇದರ ಬೆನ್ನಿಗೇ ನಾವಿಕರ ಮೇಳ ಖುಷಿಯಿಂದ ಕುಣಿಯುತ್ತದೆ. ಅನಾಹುತಕ್ಕೆ ಮುಂಚೆ ಸಂತೋಷದ ಹಾಡು ಇಡುವುದು ಸೊಫೋಕ್ಲಿಸ್‌ನ ಪಟ್ಟು. ಆಮೇಲೆ ದೂತ ಓಡಿ ಬರುತ್ತಾನೆ. ದೇವಿಯ ಕೋಪ ಇವತ್ತೊಂದು ದಿನ ಮಾತ್ರ, ಸಂಜೆಯವರೆಗೆ ಅವನನ್ನು ಬಿಡಾರದಿಂದ ಹೊರಗೆ ಬಿಡಬೇಡಿ ಎಂದು ಜೋಯಿಸ ಕಾಲ್ಕಸ್ ಹೇಳಿದ್ದನ್ನು ಕೇಳಿ ಟ್ಯೂಸರ್ ಅವನನ್ನು ಕಳಿಸಿದ್ದಾನೆ. ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ಅದಿಲ್ಲದೆ ಗೆಲ್ಲುತ್ತೇನೆ ಎಂದು ಏಜಾಕ್ಸ್ ಹಿಂದೆ ಅಪ್ಪನೆದುರು ಆಡಿದ್ದ ಮಾತೂ ಇಲ್ಲೇ ತಿಳಿಯುವುದು. ಎಲ್ಲರೂ ಹುಡುಕಲು ಓಡುತ್ತಾರೆ. ಮೇಳವೂ ರಂಗ ಬಿಟ್ಟು ಹೋಗುತ್ತದೆ. ಗ್ರೀಕ್ ನಾಟಕದಲ್ಲಿ ಒಳಬಂದ ಮೇಳ ನಡುವೆ ಹೊರಗೆ ಹೋಗುವುದು ಬಹಳ ಅಪರೂಪ. ರಂಗ ಬರಿದಾಗುತ್ತದೆ, ಸ್ಥಳ ಬಿಡಾರದಿಂದ ಕಡಲ ದಂಡೆಗೆ ಬದಲಾಗುತ್ತದೆ, ಏಜಾಕ್ಸ್ ಒಬ್ಬನೇ ಇರುತ್ತಾನೆ. ಕೂತು ಓದುವಾಗಲೂ ಇದನ್ನು ತೋರಿಸಬೇಕು. ಉಳಿದ ಮೂವರು ಎದ್ದು ಆಚೆ ಹೋಗಲಿ, ಮದ್ದಳೆಯೂ ನಿಲ್ಲಲಿ. ಅವರು ಕೂತೇ ಇದ್ದರೆ ಆ ಐವತ್ತು ಸಾಲಿನ ಒಂಟಿತನ ಬರುವುದೇ ಇಲ್ಲ.

ಆ ಮಾತು ಮುಗಿಸಿ ಏಜಾಕ್ಸ್ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಇಲ್ಲಿಂದ ಮುಂದೆ ವಾದ. ಮೊದಲು ಮೆನೆಲಾಸ್, ಆಮೇಲೆ ಅಗಮೆಮ್ನಾನ್. ಇಬ್ಬರೂ ಹೆಣ ಹೂಳಕೂಡದು ಎನ್ನುವವರು, ಟ್ಯೂಸರ್ ಒಬ್ಬನೇ ಎದುರು. ಇಬ್ಬರನ್ನೂ ದುಷ್ಟರೆಂದು ಮೊದಲೇ ತೀರ್ಮಾನಿಸಿ ಮೂಗಿನಲ್ಲಿ ಮಾತಾಡಿಸಿದರೆ 555 ಸಾಲೂ ಸಪ್ಪೆಯಾಗುತ್ತದೆ. ಟಿಪ್ಪಣಿಕಾರನ ದೂರು ನಿಜವಾಗುವುದು ಆಗಲೇ. ತಾಳಮದ್ದಳೆಯಲ್ಲಿ ಎದುರು ಪಾತ್ರದ ಮಾತಾಡುವ ಅರ್ಥಧಾರಿಗೆ ತಾಕತ್ತಿಲ್ಲದಿದ್ದರೆ ಇವನ ಅರ್ಥವೂ ಏರುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೆನೆಲಾಸ್‌ನ ವಾದದಲ್ಲಿ ತಿರುಳಿದೆ. ಭಯವೇ ಇಲ್ಲದ ಊರಲ್ಲಿ ಕಾನೂನು ನಿಲ್ಲುವುದಿಲ್ಲ, ಹೆದರಿಕೆ ಮರ್ಯಾದೆ ಎರಡೂ ಇಲ್ಲದ ದಂಡನ್ನು ನಡೆಸಲಾಗುವುದಿಲ್ಲ, ಇವನು ರಾತ್ರಿ ಬಂದದ್ದು ನಮ್ಮನ್ನೇ ಕೊಲ್ಲಲು. ಇದಕ್ಕೆ ಉತ್ತರ ಸುಲಭವಲ್ಲ. ಟ್ಯೂಸರ್ ಅದಕ್ಕೆ ನೇರವಾಗಿ ಉತ್ತರ ಕೊಡುವುದೂ ಇಲ್ಲ. ಏಜಾಕ್ಸ್ ನಿನ್ನ ಕೈಕೆಳಗಿನವನಲ್ಲ, ನೀನು ಸ್ಪಾರ್ಟಾದ ಅರಸ, ನಮಗಲ್ಲ ಎಂದು ಹಕ್ಕಿನ ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಇದು ಪಳಗಿದ ಅರ್ಥಧಾರಿಯ ವರಸೆ.

ಆಮೇಲೆ ತುಂಡು ಮಾತು, ಒಬ್ಬರಿಗೊಂದು ಸಾಲು. ಬಿಲ್ಲುಗಾರನಿಗೆ ಸೊಕ್ಕು ಕಡಿಮೆಯಿಲ್ಲ ಎನ್ನುತ್ತಾನೆ ಮೆನೆಲಾಸ್. ನನ್ನ ವಿದ್ಯೆ ಕೀಳಲ್ಲ ಎನ್ನುತ್ತಾನೆ ಟ್ಯೂಸರ್. ಗುರಾಣಿ ಬೇರೆ ಸಿಕ್ಕಿದ್ದರೆ ಇನ್ನೆಷ್ಟು ಮೆರೆಯುತ್ತಿದ್ದೆಯೋ ಎಂದು ಅವನು, ಗುರಾಣಿ ಇಲ್ಲದೆಯೂ ಗುರಾಣಿ ಹಿಡಿದ ನಿನಗೆ ನಾನು ಸಾಕು ಎಂದು ಇವನು. ಆ ಟಿಪ್ಪಣಿಕಾರ ಮುಖ ಸಿಂಡರಿಸಿದ್ದು ಸರಿಯಾಗಿ ಈ ಕೊನೆಯ ಸಾಲಿಗೆ. ಬೈಗುಳ ಇನ್ನೂ ಏರಿ ಕಡೆಗೆ ಇಬ್ಬರೂ ಕಥೆ ಹೇಳುವ ಸೋಗಿನಲ್ಲಿ ಚುಚ್ಚುತ್ತಾರೆ. ಗಾಳಿಮಳೆಯ ಕಾಲದಲ್ಲಿ ಹಡಗು ಬಿಡಿ ಬಿಡಿ ಎಂದು ಬಾಯಿ ಮಾಡಿದ ಒಬ್ಬನನ್ನು ಕಂಡಿದ್ದೆ, ಬಿರುಗಾಳಿ ಎದ್ದಾಗ ಕಂಬಳಿ ಹೊದ್ದು ಮಲಗಿದ, ನಾವಿಕರು ತುಳಿದುಕೊಂಡು ಓಡಾಡಿದರು ಎಂದು ಮೆನೆಲಾಸ್. ನಾನೂ ಒಬ್ಬ ಮೂರ್ಖನನ್ನು ಕಂಡಿದ್ದೆ, ಪಕ್ಕದವರ ಕಷ್ಟದ ಹೊತ್ತಿನಲ್ಲಿ ಹಾರಾಡುತ್ತಿದ್ದ, ನೋಡಿದರೆ ಥೇಟ್ ನಿನ್ನ ಹಾಗೇ ಇದ್ದ ಎಂದು ಟ್ಯೂಸರ್. ರಾತ್ರಿ ಎರಡು ಗಂಟೆಯ ತಾಳಮದ್ದಳೆಯಲ್ಲಿ ಇಂಥ ಮಾತು ಬಿದ್ದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಇಲ್ಲಿ ನಗು ಬರುತ್ತದೆ, ಬರಲಿ. ನಗೆಗೆ ಹೆದರಿ ಸತ್ತವನ ಹೆಣ ಪಕ್ಕದಲ್ಲೇ ಇದೆ ಎಂಬುದು ನಕ್ಕವರಿಗೆ ಮರುಕ್ಷಣ ತಾಗುತ್ತದೆ.

ಅಗಮೆಮ್ನಾನ್ ಬಂದಾಗ ವಾದ ಹುಟ್ಟಿಗೆ ಇಳಿಯುತ್ತದೆ. ಸೆರೆ ಹಿಡಿದು ತಂದ ಹೆಂಗಸಿನ ಮಗ ನೀನು, ನಿನ್ನ ಪರವಾಗಿ ಮಾತಾಡಲು ಹುಟ್ಟಿನಿಂದ ಸ್ವತಂತ್ರನಾದ ಒಬ್ಬನನ್ನು ಕರೆದು ತಾ ಎನ್ನುತ್ತಾನೆ. ಟ್ಯೂಸರ್ ಎರಡು ಹಂತದಲ್ಲಿ ಉತ್ತರಿಸುತ್ತಾನೆ. ಮೊದಲು ಏಜಾಕ್ಸ್ ಮಾಡಿದ್ದು: ಹಡಗುಗಳಿಗೆ ಬೆಂಕಿ ಬಿದ್ದಾಗ ತಡೆದವನು ಯಾರು, ಹೆಕ್ಟರನ ಎದುರು ಒಂಟಿಯಾಗಿ ನಿಂತವನು ಯಾರು? ಆಮೇಲೆ ಅಗಮೆಮ್ನಾನ್‌ನ ವಂಶ: ಅಜ್ಜ ಪೆಲೊಪ್ಸ್ ಪರದೇಶಿ, ಅಪ್ಪ ಆಟ್ರಿಯಸ್ ಸ್ವಂತ ಅಣ್ಣತಮ್ಮನಿಗೆ ಅವನ ಮಕ್ಕಳ ಮಾಂಸವನ್ನೇ ಬಡಿಸಿದವನು. ಸಭೆಯಲ್ಲಿ ಕರ್ಣನ ಕುಲ ಕೇಳಿದ ಪ್ರಸಂಗ ಬಲ್ಲವರಿಗೆ ಇದರ ಉರಿ ಬಿಡಿಸಿ ಹೇಳಬೇಕಿಲ್ಲ. ಓದುವವರು ಗಮನಿಸಬೇಕಾದದ್ದು ಕ್ರಮ. ಮೊದಲ ಭಾಗ ಅಳುವಿನ ಹತ್ತಿರ ಇರಬೇಕು, ಎರಡನೆಯದು ಉರಿಯಬೇಕು. ಶುರುವಿನಿಂದಲೇ ಉರಿದರೆ ಅಣ್ಣನನ್ನು ಕಳಕೊಂಡವನು ಕಾಣುವುದಿಲ್ಲ, ಜಗಳಗಂಟ ಮಾತ್ರ ಕಾಣುತ್ತಾನೆ.

ಇಷ್ಟೆಲ್ಲ ವಾದಿಸಿ ಟ್ಯೂಸರ್ ಗೆಲ್ಲುವುದಿಲ್ಲ. ನನಗೆ ಈ ನಾಟಕ ಬಿಡದೆ ಹಿಡಿದದ್ದು ಇಲ್ಲಿ. ಬಿಗುವು ಕತ್ತಿಯ ತನಕ ಬಂದಾಗ ಒಡಿಸ್ಯೂಸ್ ಬರುತ್ತಾನೆ, ಏಜಾಕ್ಸ್ ಎಲ್ಲರಿಗಿಂತ ಹೆಚ್ಚು ದ್ವೇಷಿಸಿದವನು. ಅವನು ಟ್ಯೂಸರ್‌ನ ಒಂದು ವಾದವನ್ನೂ ಎತ್ತಿಕೊಳ್ಳುವುದಿಲ್ಲ. ಇವನನ್ನು ದ್ವೇಷಿಸುವುದು ಸರಿಯಾಗಿದ್ದಾಗ ನಾನೂ ದ್ವೇಷಿಸಿದೆ, ಆದರೆ ಅಕಿಲಿಸ್ ಬಿಟ್ಟರೆ ನಮ್ಮಲ್ಲಿ ಇವನಷ್ಟು ದೊಡ್ಡವನನ್ನು ನಾನು ಕಾಣಲಿಲ್ಲ ಎನ್ನುತ್ತಾನೆ. ಆಯುಧದ ಪಂದ್ಯದಲ್ಲಿ ಗೆದ್ದವನ ಬಾಯಲ್ಲಿ ಈ ಮಾತು. ಹೂಳಲು ಬಿಡು ಎನ್ನುತ್ತೀಯಾ ಎಂದು ಅಗಮೆಮ್ನಾನ್ ಕೇಳಿದರೆ, ಹೌದು, ನಾಳೆ ನಾನೂ ಅಲ್ಲಿಗೇ ಬರುವವನು ಎನ್ನುತ್ತಾನೆ. ಎಲ್ಲರೂ ತಂತಮ್ಮ ಹಿತಕ್ಕೇ ದುಡಿಯುವವರು ಎಂದು ಅಗಮೆಮ್ನಾನ್ ಮೂದಲಿಸಿದಾಗ, ಮತ್ತೆ ಯಾರಿಗಾಗಿ ದುಡಿಯಬೇಕಿತ್ತು ಎಂದು ಮರುಪ್ರಶ್ನೆ. ಅಗಮೆಮ್ನಾನ್‌ನ ಮನಸ್ಸು ಬದಲಾಗುವುದಿಲ್ಲ. ನಿನ್ನ ಮುಖ ನೋಡಿ ಬಿಡುತ್ತೇನೆ, ಇವನು ಮಾತ್ರ ಇಲ್ಲೂ ಅಲ್ಲೂ ನನಗೆ ವೈರಿಯೇ ಎಂದು ಹೇಳಿಯೇ ಹೋಗುತ್ತಾನೆ. ಯಾರೂ ಸೋಲೊಪ್ಪುವುದಿಲ್ಲ, ಹೆಣಕ್ಕೆ ಮಾತ್ರ ಮಣ್ಣು ಸಿಗುತ್ತದೆ.

ಸಂಸ್ಕಾರಕ್ಕೆ ನಾನೂ ಕೈ ಹಾಕುತ್ತೇನೆ ಎಂದು ಒಡಿಸ್ಯೂಸ್ ಕೇಳಿದಾಗ ಟ್ಯೂಸರ್ ಅವನನ್ನು ಮನಸಾರೆ ಹೊಗಳುತ್ತಾನೆ, ಆದರೆ ಹೆಣ ಮುಟ್ಟಲು ಬಿಡುವುದಿಲ್ಲ. ಸತ್ತವನಿಗೆ ಅದು ಹಿತವಾಗಲಿಕ್ಕಿಲ್ಲ ಎನ್ನುತ್ತಾನೆ. ಹೋಮರನ 'ಒಡಿಸ್ಸಿ'ಯಲ್ಲಿ ಪಾತಾಳದಲ್ಲಿ ಒಡಿಸ್ಯೂಸ್ ಎದುರಾದಾಗ ಏಜಾಕ್ಸ್‌ನ ಪ್ರೇತ ಒಂದು ಮಾತೂ ಆಡದೆ ಮುಖ ತಿರುಗಿಸಿ ಹೋಗುತ್ತದೆ. ಅದು ಗೊತ್ತಿದ್ದವರಿಗೆ ಟ್ಯೂಸರ್ ಅಣ್ಣನನ್ನು ಎಷ್ಟು ಚೆನ್ನಾಗಿ ಬಲ್ಲ ಎಂದು ತಿಳಿಯುತ್ತದೆ.

ಹೂಳುವುದಕ್ಕೆ ಇಷ್ಟು ಜಗಳ ಯಾಕೆ ಎಂಬ ಪ್ರಶ್ನೆಗೆ ಬನವಾಸಿ ಕಡೆಯ ವೀರಗಲ್ಲು ನೋಡಿದವರು ಉತ್ತರ ಹೇಳಬಲ್ಲರು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಕಾಳಗ ಬರೀ ಕೆಳಗಿನ ಪಟ್ಟಿಕೆ. ಅಥೆನ್ಸ್‌ನವರಿಗೂ ಏಜಾಕ್ಸ್ ಬರೀ ಕಥೆಯ ಆಳಲ್ಲ, ಪೂಜೆ ಪಡೆಯುವ ವೀರ. ಊರಿನ ಹತ್ತು ಕುಲಗಳಲ್ಲಿ ಒಂದಕ್ಕೆ ಅವನ ಹೆಸರಿತ್ತು. ಕ್ರಿ.ಪೂ. 480ರಲ್ಲಿ ಸಲಮಿಸ್ ಕಡಲಕಾಳಗಕ್ಕೆ ಮುಂಚೆ ಗ್ರೀಕರು ಅವನನ್ನೂ ಅವನ ಅಪ್ಪ ಟೆಲಮಾನ್‌ನನ್ನೂ ನೆರವಿಗೆ ಕರೆದರು ಎಂದು ಹೆರೊಡೊಟಸ್ ಬರೆದಿದ್ದಾನೆ. ಅಂಥವನ ಹೆಣ ಮಣ್ಣು ಕಾಣದೆ ಬಿದ್ದಿದೆ ಎಂಬ ದೃಶ್ಯ ಆ ಪ್ರೇಕ್ಷಕರಿಗೆ ಹೇಗೆ ತಾಗಿರಬೇಡ! ವಾದದ ನಡುವೆ ಟ್ಯೂಸರ್ ತನ್ನ, ಟೆಕ್ಮೆಸ್ಸಳ, ಮಗುವಿನ ಕೂದಲು ಕತ್ತರಿಸಿ ಮಗುವಿನ ಕೈಗೆ ಕೊಟ್ಟು, ಅಪ್ಪನನ್ನು ಹಿಡಿದು ಕೂರು, ಯಾರು ಎಳೆದರೂ ಬಿಡಬೇಡ ಎನ್ನುತ್ತಾನೆ. ಆಗಲೇ ಆ ಹೆಣ ಮೊರೆ ಹೋಗುವ ಜಾಗವಾಗಿಬಿಟ್ಟಿದೆ.

ಟೆಕ್ಮೆಸ್ಸಳ ವಿಷಯದಲ್ಲಿ ಓದುವವರು ಎಚ್ಚರವಾಗಿರಬೇಕು. ಹೆಣವನ್ನು ಮೊದಲು ಕಂಡವಳು, ತನ್ನ ಸೆರಗು ಮುಚ್ಚಿದವಳು ಅವಳೇ. ಆಮೇಲೆ ಮಗುವಿನ ಜೊತೆ ಬಂದು ಕೊನೆಯವರೆಗೂ ಕೂತಿರುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳ ನಟ ಈಗ ಒಡಿಸ್ಯೂಸ್, ಆದ್ದರಿಂದ ಅಲ್ಲಿ ಮಾತಿಲ್ಲದ ಬೇರೊಬ್ಬನನ್ನು ಕೂರಿಸುತ್ತಿದ್ದರು. ರಂಗದಲ್ಲಾದರೆ ಕಣ್ಣಿಗೆ ಬೀಳುತ್ತಾಳೆ. ವೇಷವಿಲ್ಲದ ಓದಿನಲ್ಲಿ ಅವಳು ಪೂರ್ತಿ ಮರೆತೇ ಹೋಗುತ್ತಾಳೆ. ಇದಕ್ಕೆ ಉಪಾಯವೆಂದರೆ ಮೆನೆಲಾಸ್ ಹೋಗಿ ಅಗಮೆಮ್ನಾನ್ ಬರುವ ನಡುವೆ ಭಾಗವತರು ಅವಳು ಕೂತಿದ್ದಾಳೆ ಎಂದು ನೆನಪಿಸುವ ಎರಡು ಸಾಲು ಹಾಡುವುದು. ಮುಖಾರಿಯಲ್ಲಿ ಹಾಡಿದರೆ ಸಾಕು, ಅರ್ಥ ಹೇಳುವುದು ಬೇಡ.

ಮೇಳದ ಕೊನೆಯ ದೊಡ್ಡ ಹಾಡೂ ಅದೇ ಜಾಗದಲ್ಲಿ ಬರುತ್ತದೆ. ಕಾರವಾರ, ಅಂಕೋಲೆ, ಕುಮಟೆಯ ದಂಡೆಯವರಿಗೆ ಅದು ಬಹಳ ಹತ್ತಿರ. ಮೇಳದವರು ದೊಡ್ಡ ಮಾತಿನ ಹಿರಿಯರಲ್ಲ, ಸಲಮಿಸ್‌ನಿಂದ ಯಜಮಾನನ ಜೊತೆ ಬಂದ ನಾವಿಕರು. ಈ ಯುದ್ಧ ಕಲಿಸಿದವನು ಹಾಳಾಗಲಿ, ಹೂಮಾಲೆ ಇಲ್ಲ, ಕುಡಿಯುವ ಖುಷಿ ಇಲ್ಲ, ಕೊಳಲು ಇಲ್ಲ, ರಾತ್ರಿಯ ನಿದ್ದೆ ಇಲ್ಲ, ತಲೆಗೂದಲು ಇಬ್ಬನಿಯಲ್ಲಿ ನೆನೆದಿದೆ, ಸೂನಿಯಮ್ಮಿನ ಕಾಡು ಮುಚ್ಚಿದ ಭೂಶಿರ ಒಮ್ಮೆ ಕಂಡರೆ ಸಾಕು ಎಂದು ಹಾಡುತ್ತಾರೆ. ಸದಾಶಿವಗಡದ ಗುಡ್ಡ ಕಂಡರೆ ಊರು ಬಂತು ಎನ್ನುವ ದೋಣಿಯವರಿಗೆ ಆ ಭೂಶಿರ ಯಾಕೆ ಬೇಕೆಂದು ಗೊತ್ತು.

ಇನ್ನು ಹೊತ್ತಿನ ಲೆಕ್ಕ. ಹಾಡು ಸೇರಿಸಿ ಪೂರ್ತಿ ಓದಲು ಎರಡರಿಂದ ಎರಡೂವರೆ ತಾಸು ಬೇಕು. ಅಂಚಿನಲ್ಲಿ ಸಾಲಿನ ಸಂಖ್ಯೆ ಇರುವ ಅನುವಾದವನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಾಲ್ವರ ಪ್ರತಿ ನಾಲ್ಕು ಕಡೆ ಹೋಗುತ್ತದೆ. ಮೊಟಕು ಮಾಡಲೇಬೇಕೆಂದರೆ ಶುರುವಿನ ಮೇಳದ ಹಾಡಿನಲ್ಲಿ ಮಾಡಿ, ವಾದದಲ್ಲಿ ಕತ್ತರಿ ಹಾಕಬೇಡಿ. ಪದ್ಯ ಕಟ್ಟಿ ತಾಳಮದ್ದಳೆಯಾಗಿಯೇ ಮಾಡುವವರು ಕಾಲದ ಬಗೆಗಿನ ಆ ಮಾತಿಗೆ ಭಾಮಿನಿ ಷಟ್ಪದಿ, ತುಂಡು ಮಾತಿಗೆ ಏಕತಾಳದ ಚುರುಕು ಪದ್ಯ ಇಟ್ಟುಕೊಂಡರೆ ಹೊಂದುತ್ತದೆ. ತುಂಡು ಮಾತಿನಲ್ಲಿ ಅರ್ಥ ಬೆಳೆಸದಂತೆ ಮೊದಲೇ ಮಾತಾಡಿಕೊಳ್ಳಿ. ಒಬ್ಬರು ಐದು ನಿಮಿಷ ಎಳೆದರೆ ಏಟಿಗೆ ಎದುರೇಟು ಉಳಿಯುವುದಿಲ್ಲ. ಮಳೆಗಾಲದಲ್ಲಿ ಬಯಲಾಟದ ತಿರುಗಾಟ ನಿಂತಾಗ ಅರ್ಥಧಾರಿಗಳು ಬಿಡುವಾಗಿ ಸಿಗುತ್ತಾರೆ, ಆಗ ಇಟ್ಟುಕೊಳ್ಳಬಹುದು. ಒಂದೇ ರಾತ್ರಿ ಎರಡು ಪ್ರಸಂಗ ಮಾಡುವುದಾದರೆ ಮೊದಲು 'ವಾಲಿವಧೆ', ಆಮೇಲೆ ಇದು. ವಾಲಿ ಮಾಡಿದವರಿಗೇ ಟ್ಯೂಸರ್ ಕೊಡಿ, ರಾಮ ಮಾಡಿದವರಿಗೆ ಮೆನೆಲಾಸ್ ಕೊಡಿ.